ರಾಡ್ ಹೋಲ್ಡರ್ ಕೊಳ್ಳುವ ಮೊದಲು ದೋಣಿಯ ಅಂಚಿನ ಕೆಳಗೆ ಕೈ ಹಾಕಿ ನೋಡಿ

ಪ್ರಶ್ನೆ: ನಾವು ಕೋಡಿಬೆಂಗ್ರೆಯವರು. 20 ಅಡಿಯ ಫೈಬರ್ ದೋಣಿ ಇದೆ, 25 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ವಾರದ ದಿನಗಳಲ್ಲಿ ಅಣ್ಣ ಅದರಲ್ಲೇ ಬಲೆ ಹಾಕುತ್ತಾನೆ. ಭಾನುವಾರ ನಾನು, ಇಬ್ಬರು ಗೆಳೆಯರು ಗಾಳದ ರಾಡ್ ಹಿಡಿದು ಹೋಗುತ್ತೇವೆ. ಇಷ್ಟು ದಿನ ದೋಣಿ ನಿಲ್ಲಿಸಿ ಲೂರ್, ಅಂದರೆ ಗಾಳ ಇರುವ ನಕಲಿ ಮೀನು, ಎಸೆಯುತ್ತಿದ್ದೆವು. ಈ ಸಲ ದೋಣಿ ಓಡಿಸುತ್ತಲೇ ಹಿಂದೆ ಲೂರ್ ಎಳೆದು ಅಂಜಲ್, ಕೇದರ ಹಿಡಿಯುವ ಆಸೆ. ಅಂಗಡಿಯಲ್ಲಿ ರಾಡ್ ಸಿಕ್ಕಿಸಿಡುವ ಪ್ಲಾಸ್ಟಿಕ್‌ನ ಹೋಲ್ಡರ್, ಸ್ಟೀಲಿನದ್ದು, ಕಂಬಿಗೆ ಕ್ಲಾಂಪ್ ಮಾಡುವಂಥದ್ದು ಎಲ್ಲ ತೋರಿಸಿದರು. ಗೆಳೆಯ ಪಿವಿಸಿ ಪೈಪ್ ಸಾಕು ಅನ್ನುತ್ತಾನೆ. ಯಾವುದು ತಗೊಳ್ಳಲಿ? ಎಷ್ಟು ಬೇಕು? ಎಲ್ಲಿ ಕೂರಿಸಲಿ?

ಉತ್ತರ: ಅಂಗಡಿಗೆ ಇನ್ನೊಮ್ಮೆ ಹೋಗುವ ಮೊದಲು ದೋಣಿಗೆ ಹೋಗಿ. ಹಿಂಬದಿಯಲ್ಲಿ ಕೂತು, ಬದಿಯ ಅಂಚಿನ ಕೆಳಗೆ ಕೈ ಹಾಕಿ ತಡವಿ ನೋಡಿ. ಅಂಚು ಎಷ್ಟು ಅಗಲ ಇದೆ? ಕೆಳಗೆ ಟೊಳ್ಳೋ, ಫೋಮ್ ತುಂಬಿದೆಯೋ, ಮರದ ಪಟ್ಟಿ ಇದೆಯೋ? ನಟ್ ಹಿಡಿದು ತಿರುಗಿಸಲು ಕೈ ಹೋಗುತ್ತದೆಯೋ? ನಿಮಗೆ ಯಾವ ಹೋಲ್ಡರ್ ಬೇಕು ಅನ್ನುವುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ಅಂಗಡಿಯವರು ಹೊಳೆಯುವ ಕೊಳವೆ ತೋರಿಸುತ್ತಾರೆ. ಆದರೆ ಮೀನಿನ ಭಾರ ಕೊನೆಗೆ ಹೊರುವುದು ಅದರ ಕೆಳಗಿನ ಫೈಬರ್.

ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ನಿಂತ ದೋಣಿಯಲ್ಲಿ ಹೋಲ್ಡರ್ ಅಂದರೆ ಬರೀ ರಾಡ್ ಇಡುವ ಸ್ಟ್ಯಾಂಡ್. ಓಡುವ ದೋಣಿಯಲ್ಲಿ ಹಾಗಲ್ಲ. ಮೀನು ಲೂರ್‌ಗೆ ಬಾಯಿ ಹಾಕುವಾಗ ರಾಡ್ ಯಾರ ಕೈಯಲ್ಲೂ ಇರುವುದಿಲ್ಲ. ದೋಣಿ ಒಂದು ದಿಕ್ಕಿಗೆ, ಮೀನು ಇನ್ನೊಂದು ದಿಕ್ಕಿಗೆ. ನಡುವೆ ಇರುವುದು ಹೋಲ್ಡರ್ ಒಂದೇ. ನೀವು 30 ಪೌಂಡ್ ಲೈನ್ ಹಾಕುತ್ತೀರಿ ಅಂತ ಇಟ್ಟುಕೊಳ್ಳೋಣ. ಅದು ತುಂಡಾಗುವುದು 13.6 ಕೆ.ಜಿ.ಗೆ. ರೀಲಿನ ಡ್ರ್ಯಾಗ್ ಅಂದರೆ ಎಳೆತ ಎಷ್ಟಾದಾಗ ರೀಲ್ ಲೈನ್ ಬಿಡಬೇಕು ಅನ್ನುವ ಬಿಗಿ. ಅದನ್ನು ಆ ತೂಕದ ಮೂರನೇ ಒಂದು ಪಾಲಿಗೆ ಅಥವಾ ಸ್ವಲ್ಪ ಕಡಿಮೆಗೆ ಇಡುತ್ತಾರೆ. 4 ಕೆ.ಜಿ. ಅನ್ನಿ. ಇಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ಈ 4 ಕೆ.ಜಿ. ಎಳೆಯುವುದು ರಾಡಿನ ತುದಿಯಲ್ಲಿ. ಹೋಲ್ಡರ್ ಬಾಯಿಯಿಂದ ತುದಿಗೆ 150 ಸೆಂ.ಮೀ., ಕೊಳವೆಯ ಉದ್ದ 23 ಸೆಂ.ಮೀ. ಇದ್ದರೆ, ಎಳೆತ ಆರೂವರೆ ಪಟ್ಟು ಆಗುತ್ತದೆ. ರಾಡಿನ ಬುಡ ಕೊಳವೆಯ ತಳವನ್ನು ಸುಮಾರು 26 ಕೆ.ಜಿ. ಬಲದಲ್ಲಿ ಒಂದು ಕಡೆಗೆ ಒತ್ತುತ್ತದೆ, ಬಾಯಿಯನ್ನು ಸುಮಾರು 30 ಕೆ.ಜಿ. ಬಲದಲ್ಲಿ ಇನ್ನೊಂದು ಕಡೆಗೆ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ. ರಾಡ್ ಬಗ್ಗುವುದರಿಂದ ಇದು ಕೊಂಚ ಇಳಿಯುತ್ತದೆ, ನಿಜ. ಆದರೆ ಮೀನು ಹೊಡೆದ ಮೊದಲ ಜರ್ಕ್, ಅಲೆಗೆ ದೋಣಿ ಎದ್ದು ಬೀಳುವ ಕುಲುಕಾಟ ಎರಡೂ ಸೇರಿ ಮತ್ತೆ ಏರಿಸುತ್ತವೆ.

ನಾಲ್ಕು ಸ್ಕ್ರೂ ತೆಳು ಫೈಬರ್‌ನಲ್ಲಿ ಸುಮ್ನೆ ಕಚ್ಚಿಕೊಂಡಿದ್ದರೆ ಈ ಮೀಟುವಿಕೆಗೆ ಒಂದೊಂದಾಗಿ ಎದ್ದು ಬರುತ್ತವೆ. ಮೊದಲ ದಿನವೇ ಬರುವುದಿಲ್ಲ, ಅದೇ ತೊಂದರೆ. ಮೊದಲು ತೂತು ಸ್ವಲ್ಪ ದೊಡ್ಡದಾಗುತ್ತದೆ. ಆಮೇಲೆ ನೀರು ಇಳಿಯುತ್ತದೆ. ಆಮೇಲೆ ಒಂದು ದಿನ ಹೋಲ್ಡರ್, ರಾಡ್, ರೀಲ್ ಮೂರೂ ಒಟ್ಟಿಗೆ ಹೋಗುತ್ತವೆ.

ಈಗ ನಿಮ್ಮ ದೋಣಿಗೆ ಬರೋಣ. ನಮ್ಮ ಕಡೆಯ ಫೈಬರ್ ದೋಣಿಗಳ ಅಂಚು ಒಂದೇ ತರ ಇರುವುದಿಲ್ಲ. ಕೆಲವದರಲ್ಲಿ ಕೈ ಅಗಲದ ಪೆಟ್ಟಿಗೆಯಂಥ ಅಂಚು ಇರುತ್ತದೆ. ಕೆಲವದರಲ್ಲಿ ಮರದ ಪಟ್ಟಿಗೆ ಫೈಬರ್ ಸುತ್ತಿದ ಸಣ್ಣ ತುಟಿ ಅಷ್ಟೇ. ಅಂಚಿನಲ್ಲಿ ತೂತು ಕೊರೆದು ಒಳಗೆ ಇಳಿಸುವ ಹೋಲ್ಡರ್ ಉಂಟಲ್ಲ, ಫ್ಲಶ್ ಮೌಂಟ್ ಅನ್ನುತ್ತಾರೆ, ಅದರ ಮೇಲಿನ ಪಟ್ಟಿಯೇ ಸುಮಾರು 8–9 ಸೆಂ.ಮೀ. ಅಗಲ. ಅದು ಸಮತಟ್ಟಾಗಿ ಕೂರಬೇಕು, ಕೆಳಗೆ ಕೊಳವೆ ಇಳಿಯಲು ಒಂದಡಿಯಷ್ಟು ಜಾಗ ಬೇಕು. ಅಷ್ಟು ಇದ್ದರೆ ಬೇರೆ ಯೋಚನೆ ಬೇಡ. ಇದನ್ನೇ ಹಾಕಿ.

ಇದನ್ನೇ ಅಂತ ಒತ್ತಿ ಹೇಳಲು ಇನ್ನೊಂದು ಕಾರಣ ನಮ್ಮ ದಕ್ಕೆಗಳು. ಮಲ್ಪೆಯಲ್ಲಿ, ಹಂಗಾರಕಟ್ಟೆಯಲ್ಲಿ, ಮಂಗಳೂರಿನ ಹಳೆ ಬಂದರಿನಲ್ಲಿ ದೋಣಿ ಕಟ್ಟುವುದು ಒಂದಕ್ಕೊಂದು ಮೈ ತಾಗಿಸಿಯೇ. ಪಕ್ಕದ ಬೋಟ್ ಅಲೆಗೆ ಉಜ್ಜಿಕೊಂಡು ಏಳುತ್ತದೆ, ಇಳಿಯುತ್ತದೆ. ಬದಿಯಿಂದ ಹೊರಗೆ ಚಾಚಿದ ಯಾವುದೂ ಅಲ್ಲಿ ಒಂದು ಸೀಸನ್ ಉಳಿಯುವುದಿಲ್ಲ. ಹೊರದೇಶದ ವಿಡಿಯೋಗಳಲ್ಲಿ ಕಾಣುವ ಚಂದದ ಹೋಲ್ಡರ್‌ಗಳು ಒಂದೊಂದು ದೋಣಿಗೆ ಒಂದೊಂದು ಕಟ್ಟೆ ಇರುವ ಜಾಗದವು. ಅದೂ ಅಲ್ಲದೆ ನಿಮ್ಮ ಅಣ್ಣ ಇದೇ ದೋಣಿಯಲ್ಲಿ ಬಲೆ ಎಳೆಯುತ್ತಾರೆ. ಎದ್ದು ನಿಂತ ಹೋಲ್ಡರ್‌ಗೆ ಬಲೆಯ ಕಣ್ಣು ಸಿಕ್ಕಿಕೊಂಡರೆ ಮನೆಯಲ್ಲಿ ನಿಮಗೆ ಊಟ ಇಲ್ಲ. ಅಂಚಿಗೆ ಸಮನಾಗಿ ಕೂರುವ ಫ್ಲಶ್ ಹೋಲ್ಡರ್ ಬಲೆಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೂ ಅಣ್ಣ ಯಾವ ಬದಿಯಿಂದ, ಯಾವ ಜಾಗದಲ್ಲಿ ನಿಂತು ಬಲೆ ಎಳೆಯುತ್ತಾರೆ ಅಂತ ಕೇಳಿ, ಆ ಜಾಗ ಬಿಟ್ಟು ಹಾಕಿ.

ಅಂಚು ಸಣ್ಣದಾಗಿದ್ದರೆ? ಬದಿಯ ಒಳಗೋಡೆಗೆ ಬೋಲ್ಟ್ ಮಾಡುವ ಹೋಲ್ಡರ್ ಸಿಗುತ್ತದೆ. ಆದರೆ ನಾನಾದರೆ ಅದಕ್ಕಿಂತ ಅಡ್ಡ ಹಲಗೆ ಮಾಡಿಸುತ್ತೇನೆ. ಹೆಬ್ಬಲಸಿನದ್ದೋ ಬೋಗಿ ಮರದ್ದೋ ದಪ್ಪ ಹಲಗೆ, ಹಿಂದಿನ ಅಡ್ಡ ಸೀಟಿನ ಮೇಲೆ ಬದಿಯಿಂದ ಬದಿಗೆ ಕೂರುವಷ್ಟು ಉದ್ದ. ಎರಡು ತುದಿಗೆ ಒಂದೊಂದು ಹೋಲ್ಡರ್. ಸೀಟಿಗೆ ನಾಲ್ಕು ಬೋಲ್ಟ್, ಕೈಯಲ್ಲೇ ತಿರುಗಿಸುವ ಚಿಟ್ಟೆ ನಟ್. ಭಾನುವಾರ ಹಾಕಿ, ಸೋಮವಾರ ಬಿಚ್ಚಿ ಮನೆಗೆ ತನ್ನಿ. ದೋಣಿಯ ಬದಿಗೆ ಒಂದೂ ತೂತು ಬೀಳುವುದಿಲ್ಲ. ನೋಡಲು ಅಷ್ಟೇನೂ ಸ್ಟೈಲ್ ಇಲ್ಲ, ಒಪ್ಪುತ್ತೇನೆ. ಆದರೆ ಭಾರ ಹೊರುವುದು ಸೀಟು. ನಮ್ಮ ದೋಣಿಗಳಲ್ಲಿ ಅಂಚಿಗಿಂತ ಸೀಟೇ ಗಟ್ಟಿ.

ಕಂಬಿಗೆ ಕ್ಲಾಂಪ್ ಮಾಡುವ ಹೋಲ್ಡರ್ ನಿಮ್ಮ ದೋಣಿಗೆ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಅದು ಇರುವುದು ಗಟ್ಟಿ ರೇಲಿಂಗ್ ಇರುವ ದೊಡ್ಡ ಬೋಟ್‌ಗಳಿಗೆ. ಸಣ್ಣ ದೋಣಿಗೆ ಆಮೇಲೆ ಕೂರಿಸಿದ ತೆಳು ಪೈಪಿನ ಕಂಬಿಯ ಬುಡವೇ ಎರಡು ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಕ್ಲಾಂಪ್ ಗಟ್ಟಿ ಇದ್ದು ಏನು ಪ್ರಯೋಜನ? ರೇಲಿಂಗ್ ಗಟ್ಟಿ ಇರುವ ಬೇರೆ ಓದುಗರಿಗೆ ಒಂದು ಮಾತು: ಕಂಬಿಯ ದಪ್ಪ ಅಂದಾಜಿನಲ್ಲಿ ಹೇಳಿ ಕ್ಲಾಂಪ್ ತರಬೇಡಿ. ಒಂದು ದಾರ ಸುತ್ತಿ ಅಳೆಯಿರಿ. ಸುತ್ತಳತೆ ಸುಮಾರು 8 ಸೆಂ.ಮೀ. ಬಂದರೆ ಒಂದು ಇಂಚಿನ ಪೈಪ್. ಬೇರೆ ಅಳತೆ ಬಂದರೆ 3.14ರಿಂದ ಭಾಗಿಸಿ. ಕ್ಲಾಂಪ್ ಒಂದು ಮಿ.ಮೀ. ಸಡಿಲ ಇದ್ದರೂ ಮೀನು ಎಳೆದಾಗ ಕಂಬಿಯ ಸುತ್ತ ತಿರುಗಿಬಿಡುತ್ತದೆ.

ಕೋನದ ವಿಷಯ. ಫ್ಲಶ್ ಹೋಲ್ಡರ್ ಹೆಚ್ಚಾಗಿ 0, 15, 30 ಡಿಗ್ರಿಗಳಲ್ಲಿ ಬರುತ್ತದೆ. ನೆಟ್ಟಗೆ ನಿಂತ ರಾಡಿನಿಂದ ಎಷ್ಟು ವಾಲುತ್ತದೆ ಅನ್ನುವ ಲೆಕ್ಕ ಅದು. 0 ಡಿಗ್ರಿಯದ್ದು ರಾಡ್ ಇಟ್ಟುಕೊಳ್ಳಲು ಮಾತ್ರ. ಓಡುವಾಗ ಎಳೆಯಲು 30 ತಗೊಳ್ಳಿ. ಇಂಜಿನ್ ಹಲಗೆಯಿಂದ ಎರಡು ಮೂರು ಅಡಿ ಮುಂದೆ, ಬದಿಗೊಂದರಂತೆ. ಕೊಳವೆ ನೇರ ಹಿಂದಕ್ಕೂ ಅಲ್ಲ, ನೇರ ಹೊರಕ್ಕೂ ಅಲ್ಲ, ಎರಡರ ನಡುವೆ ಓರೆಯಾಗಿ. ಆಗ ಎರಡೂ ರಾಡಿನ ತುದಿ ದೋಣಿಯ ಬದಿಯಿಂದ ಅರ್ಧ ಮೀಟರ್‌ನಷ್ಟು ಹೊರಗೆ ಇರುತ್ತದೆ. ಎರಡು ಲೈನ್ ದೂರ ದೂರ ಓಡುತ್ತವೆ, ಸಿಕ್ಕು ಬೀಳುವುದು ಕಡಿಮೆ. ತುದಿ ತಗ್ಗಿದ್ದರೆ ಗಾಳಿಗೆ ಲೈನ್ ಹೊಟ್ಟೆ ಬಿಡುವುದೂ ಕಡಿಮೆ. ಮಧ್ಯಾಹ್ನದ ಮೇಲೆ ನಮ್ಮಲ್ಲಿ ಪಡುಗಾಳಿ ಹೇಗೆ ಏಳುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನೂ ಹೆಚ್ಚು ಮಲಗಿಸಿದರೆ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ರಾಡ್ ಲೈನಿನ ದಿಕ್ಕಿಗೇ ಚಾಚಿಕೊಂಡರೆ ಅದು ಬಗ್ಗುವುದೇ ಇಲ್ಲ. ಜರ್ಕ್ ಪೂರ್ತಿ ರೀಲಿಗೆ, ಲೈನಿಗೆ ಬೀಳುತ್ತದೆ. ಬೇಕಾದ ಹಾಗೆ ಕೋನ ಬದಲಿಸುವ ಹಲ್ಲಿನ ಹೋಲ್ಡರ್‌ಗಳಲ್ಲಿ ಈ ಆಸೆ ಜಾಸ್ತಿ ಹುಟ್ಟುತ್ತದೆ. ಅವುಗಳ ಪ್ಲಾಸ್ಟಿಕ್ ಹಲ್ಲು ಉಪ್ಪು, ಮರಳು ಸೇರಿ ಸವೆಯುತ್ತದೆ ಕೂಡ. ಹೊಳೆಯಲ್ಲಿ ಕಾಣೆ ಮೀನು ಹಿಡಿಯಲು ಅವು ಧಾರಾಳ ಸಾಕು. ಅಂಜಲ್‌ಗೆ ನಾನು ನಂಬುವುದಿಲ್ಲ.

ಕೊರೆಯುವ ಜಾಗ ಗುರುತು ಮಾಡುವ ಮೊದಲು ಒಂದು ಸಲ ಒಣ ಅಭ್ಯಾಸ ಮಾಡಿ. ಇಂಜಿನ್ ಹಿಡಿಯುವವರು ತಮ್ಮ ಜಾಗದಲ್ಲಿ ಕೂರಲಿ. ಹಿಡಿಕೆಯನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಲಿ. ಗೆಳೆಯ ರಾಡ್ ಅನ್ನು ಗುರುತಿನ ಜಾಗದಲ್ಲಿ ವಾಲಿಸಿ ಹಿಡಿಯಲಿ. ರೀಲಿನ ಹಿಡಿಕೆ ಮೊಣಕೈಗೆ ತಾಗುತ್ತದೆಯೇ? ಎದ್ದು ನಿಂತು ರಾಡ್ ಎತ್ತಲು ಕಾಲಿಗೆ ಜಾಗ ಇದೆಯೇ? ತುಂಬಾ ಮುಂದೆ ಹಾಕಿದರೂ ಕಷ್ಟ, ತಿರುವಿನಲ್ಲಿ ಲೈನ್ ಪ್ರೊಪೆಲ್ಲರ್ ಕಡೆಗೆ ಬರುತ್ತದೆ. ಅಂಚಿನ ಕೆಳಗೆ ವೈರ್, ಪೆಟ್ರೋಲ್ ಪೈಪ್ ಏನಾದರೂ ಹೋಗಿದೆಯೇ ಅಂತಲೂ ಆಗಲೇ ನೋಡಿ.

ಎಷ್ಟು ಬೇಕು ಅಂದರೆ, ಎರಡು. ಮೂವರು ಹೋಗುವ 20 ಅಡಿ ದೋಣಿಯಲ್ಲಿ ಒಬ್ಬರು ಇಂಜಿನ್‌ಗೆ, ಒಬ್ಬರು ಮೀನು ಹೊಡೆದ ರಾಡ್‌ಗೆ, ಇನ್ನೊಬ್ಬರು ಉಳಿದ ಲೈನ್ ಒಳಗೆ ಎಳೆಯಲು. ಮೂರನೇ ಲೈನ್ ಬಿಟ್ಟರೆ ಅದನ್ನು ಎಳೆಯಲು ಕೈ ಇಲ್ಲ. ಒಂದು ಲೂರ್ 15 ಮೀಟರ್ ಹಿಂದೆ, ಇನ್ನೊಂದು 30 ಮೀಟರ್ ಹಿಂದೆ ಬಿಡಿ. ಗಂಟೆಗೆ 9ರಿಂದ 11 ಕಿ.ಮೀ. ವೇಗ ಸಾಕು, ಮೊಬೈಲಿನ ಜಿಪಿಎಸ್‌ನಲ್ಲೇ ನೋಡಬಹುದು. ತಿರುಗುವಾಗ ದೊಡ್ಡ ಸುತ್ತು ಹಾಕಿ. ಒಮ್ಮೆಲೇ ತಿರುಗಿಸಿದರೆ ಒಳಬದಿಯ ಲೂರ್ ನಿಧಾನವಾಗಿ, ಇನ್ನೊಂದು ಲೈನಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಲೋಹ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕೇ ಹಿಡಿಯದು ಅಂತಲ್ಲ. ಅಡುಗೆಮನೆಯ ಪಾತ್ರೆಗೆ ಸಾಮಾನ್ಯವಾಗಿ ಬಳಸುವುದು 304 ಅನ್ನುವ ದರ್ಜೆ. ಸಮುದ್ರಕ್ಕೆ ಬೇಕಾದ್ದು 316. ಅದರಲ್ಲಿ ಶೇಕಡಾ 2ರಿಂದ 3 ಮಾಲಿಬ್ಡಿನಂ ಇರುತ್ತದೆ, ಉಪ್ಪನ್ನು ತಡೆಯುವುದು ಅದೇ. 304 ಹೋಲ್ಡರ್ ಬೇಗನೆ ಚಹಾ ಚೆಲ್ಲಿದಂಥ ಕಂದು ಕಲೆ ಬಿಡುತ್ತದೆ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು, ಅಂಟುವುದಿಲ್ಲ ನೋಡಿ, ಒರಿಜಿನಲ್ ಮಾಲು ಅಂತ ತೋರಿಸುತ್ತಾರೆ. ಅದಕ್ಕೆ ಮರುಳಾಗಬೇಡಿ. 304 ಕೂಡ ಆಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದಿಲ್ಲ. ಹೋಲ್ಡರ್ ಮೇಲೆ 316 ಅಂತ ಒತ್ತಿದ್ದಾರೆಯೇ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಬೆಸುಗೆ ಹಾಕಿದ ಜಾಗ ಬೆರಳಿಗೆ ನುಣ್ಣಗೆ ಸಿಗಬೇಕು. ಬೋಲ್ಟ್, ವಾಷರ್, ನಟ್ ಕೂಡ 316 ಇರಲಿ. ಒಳ್ಳೆಯ ಹೋಲ್ಡರ್ ತಂದು, ಪಕ್ಕದ ಹಾರ್ಡ್‌ವೇರ್ ಅಂಗಡಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ನಟ್ ಹಾಕುವವರು ಎಷ್ಟೋ ಜನ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಅಲ್ಯುಮಿನಿಯಂ ಹೋಲ್ಡರ್‌ಗೆ ಸ್ಟೀಲ್ ಸ್ಕ್ರೂ ಹಾಕಿದರೆ ಉಪ್ಪು ನೀರಿನಲ್ಲಿ ಅಲ್ಯುಮಿನಿಯಂ ಬೇಗ ತಿಂದುಹೋಗುತ್ತದೆ, ಆದ್ದರಿಂದ ಆ ಜೋಡಿ ಬೇಡ.

ಕೊಳವೆಯ ಒಳಗೆ ಎರಡು ಸಂಗತಿ ನೋಡಿ. ಒಂದು, ರಬ್ಬರ್ ಅಥವಾ ಪಿವಿಸಿ ಒಳಪದರ ಇರಬೇಕು. ಇಲ್ಲದಿದ್ದರೆ ರಾಡಿನ ಹಿಡಿ ಉಜ್ಜಿ ಹಾಳಾಗುತ್ತದೆ. ಎರಡನೆಯದು, ತಳದಲ್ಲಿ ಅಡ್ಡ ಪಿನ್ ಇದೆಯೇ ಅಂತ. ಓಡುವ ದೋಣಿಯಿಂದ ಎಳೆಯಲೆಂದೇ ಮಾಡಿದ ಟ್ರೋಲಿಂಗ್ ರಾಡಿನ ಬುಡದಲ್ಲಿ ಪ್ಲಸ್ ಆಕಾರದ ಸೀಳು ಇರುತ್ತದೆ. ಅದು ಆ ಪಿನ್ ಮೇಲೆ ಕೂತರೆ ರಾಡ್ ತಿರುಚುವುದಿಲ್ಲ. ನಿಮ್ಮದು ಎಸೆಯುವ ರಾಡ್ ಆದರೆ ಬುಡದಲ್ಲಿ ರಬ್ಬರ್ ಟೋಪಿ ಮಾತ್ರ ಇರುತ್ತದೆ. ಆ ಪಿನ್ ಅದನ್ನು ಕೊರೆದುಬಿಡುತ್ತದೆ. ಜೊತೆಗೆ ಸ್ಪಿನ್ನಿಂಗ್ ರೀಲ್ ಕೆಳಗೆ ತೂಗುವುದರಿಂದ ರೀಲಿನ ಕಾಲು ಹೋಲ್ಡರ್ ಬಾಯಿಗೆ ತಾಗಬಹುದು. ಬುಡದಿಂದ ರೀಲಿನ ಕಾಲಿನವರೆಗೆ ಅಳೆದು, ಕೊಳವೆಯ ಆಳಕ್ಕಿಂತ ಅದು ಜಾಸ್ತಿ ಇದೆಯೇ ನೋಡಿ. ಅಂಗಡಿಗೆ ಹೋಗುವಾಗ ರಾಡ್ ಜೊತೆಗೇ ತಗೊಂಡು ಹೋಗಿ, ಸುಲಭ. ನನ್ನ ಕೇಳಿದರೆ ಎಂಟಡಿಯ ಎಸೆಯುವ ರಾಡ್ ಈ ಕೆಲಸಕ್ಕೆ ಬೇಡವೇ ಬೇಡ. ಮೇಲೆ ಹಾಕಿದ ಲೆಕ್ಕ ನೋಡಿ, ರಾಡ್ ಉದ್ದವಾದಷ್ಟೂ ಹೋಲ್ಡರ್ ಮೇಲೆ ಮೀಟುವಿಕೆ ಜಾಸ್ತಿ. ಐದೂವರೆಯಿಂದ ಆರೂವರೆ ಅಡಿಯ ಗಟ್ಟಿ ರಾಡ್ ಸರಿ.

ಕೂರಿಸುವ ಕೆಲಸಕ್ಕೆ ಅವಸರ ಬೇಡ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ 10 ಎಚ್‌ಪಿಗಿಂತ ದೊಡ್ಡ ಇಂಜಿನ್‌ಗಳಿಗೆ ಅನ್ವಯಿಸುತ್ತದೆ. ನಿಮ್ಮ ದೋಣಿ ಹೇಗೂ ದಡದಲ್ಲಿರುತ್ತದೆ. ಶೆಡ್ಡಿನೊಳಗೆ ಒಣ ಜಾಗದಲ್ಲಿ ಮಾಡಿಸಿ. ಕೊರೆಯುವ ಜಾಗಕ್ಕೆ ಪೇಪರ್ ಟೇಪ್ ಅಂಟಿಸಿದರೆ ಮೇಲಿನ ಜೆಲ್‌ಕೋಟ್ ಎದ್ದು ಬರುವುದಿಲ್ಲ. 30 ಡಿಗ್ರಿ ಹೋಲ್ಡರ್‌ಗೆ ತೂತು ದುಂಡಗಲ್ಲ, ಉದ್ದ ಮೊಟ್ಟೆಯಾಕಾರ. ಡಬ್ಬಿಯಲ್ಲಿ ಕಾಗದದ ಅಚ್ಚು ಇದ್ದರೆ ಅದನ್ನೇ ಬಳಸಿ. ಅಂಚಿನ ಒಳಗೆ ಮರ, ಪ್ಲೈ ಅಥವಾ ಫೋಮ್ ಕಂಡರೆ, ಕೊಯ್ದ ಅಂಚಿಗೆಲ್ಲ ಎಪಾಕ್ಸಿ ಹಚ್ಚಿ ಒಣಗಲು ಬಿಡಿ. ಇದನ್ನು ಬಿಟ್ಟರೆ ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಸ್ಕ್ರೂ ಬೇಡ, ಆರಪಾರ ಹೋಗುವ 6 ಮಿ.ಮೀ. ಬೋಲ್ಟ್ ಹಾಕಿ. ಕೆಳಗಿನಿಂದ 3 ಮಿ.ಮೀ. ಸ್ಟೀಲ್ ತಗಡು, ಇಲ್ಲವೇ ಎಪಾಕ್ಸಿ ಬಳಿದ 12 ಮಿ.ಮೀ. ಮರೈನ್ ಪ್ಲೈ ತುಂಡು. ಹೋಲ್ಡರ್ ಪಟ್ಟಿಗಿಂತ ಸುತ್ತಲೂ ಎರಡು ಬೆರಳು ಜಾಸ್ತಿ ಇರಲಿ. ಅದರ ಕೆಳಗೆ ದೊಡ್ಡ ವಾಷರ್, ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್. ಹೋಲ್ಡರ್‌ಗಿಂತ ಈ ಅಡಿಪಟ್ಟಿಗೆ ದುಡ್ಡು ಹಾಕಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಸಾಧಾರಣ ಹೋಲ್ಡರ್ ಒಳ್ಳೆಯ ಅಡಿಪಟ್ಟಿಯ ಮೇಲೆ ಬಾಳುತ್ತದೆ. ದುಬಾರಿ ಹೋಲ್ಡರ್ ಬರೀ ಫೈಬರ್ ಮೇಲೆ ಬಾಳುವುದಿಲ್ಲ. ಸಂದಿಗೆ ದೋಣಿಗೆ ಅಂತಲೇ ಬರುವ ಪಾಲಿಯುರಿಥೇನ್ ಸೀಲಂಟ್ ಹಾಕಿ. ಬಾತ್‌ರೂಮಿನ ಸಿಲಿಕೋನ್ ಸಾಲದು. ಕೊಳವೆಯ ತಳ ಮುಚ್ಚಿರಬೇಕು, ಇಲ್ಲವೇ ನೀರು ಹೊರಗೆ ಬಿಡುವ ಸಣ್ಣ ಪೈಪ್ ಇರಬೇಕು. ತೆರೆದ ತಳದ ಹೋಲ್ಡರ್ ಹಾಕಿದರೆ ಪ್ರತಿ ಅಲೆಯ ನೀರೂ ನೇರ ಒಳಗಿನ ಫೋಮಿಗೆ.

ಸೀಲಂಟ್ ಒಣಗಿದ ಮೇಲೆ, ನೀರಿಗಿಳಿಸುವ ಮೊದಲು ಪರೀಕ್ಷೆ ಮಾಡಿ. ಮೀನು ತೂಗುವ ಸ್ಪ್ರಿಂಗ್ ಕಾಟಾ ಇರುತ್ತದಲ್ಲ, ಅದನ್ನು ಲೈನಿನ ತುದಿಗೆ ಸಿಕ್ಕಿಸಿ. ರಾಡ್ ಹೋಲ್ಡರಿನಲ್ಲೇ ಇರಲಿ. ಒಬ್ಬರು ಹಿಂದಕ್ಕೆ ನಡೆದು ನಿಧಾನವಾಗಿ ಎಳೆಯಲಿ. ಕಾಟಾ 4 ಕೆ.ಜಿ. ತೋರಿಸುವಾಗ ಲೈನ್ ಬಿಡುವ ಹಾಗೆ ಡ್ರ್ಯಾಗ್ ತಿರುಗಿಸಿ. ಅದೇ ಹೊತ್ತಿಗೆ ನೀವು ಅಂಗೈಯನ್ನು ಹೋಲ್ಡರ್ ಪಟ್ಟಿಯ ಪಕ್ಕ ಅಂಚಿನ ಮೇಲೆ ಇಡಿ. ಫೈಬರ್ ಉಸಿರಾಡಿದಂತೆ ಏಳುತ್ತಾ ಇಳಿಯುತ್ತಾ ಇದ್ದರೆ ಅಡಿಪಟ್ಟಿ ಚಿಕ್ಕದಾಯಿತು ಅಂತ ಅರ್ಥ. ಪಟ್ಟಿಯ ಮೂಲೆಯಿಂದ ಕೂದಲೆಳೆಯಷ್ಟು ಬಿರುಕು ಹೊರಟಿದ್ದರಂತೂ ಬಿಚ್ಚಿ ಮತ್ತೆ ಮಾಡಿ. ಕೈಗೆ ಏನೂ ಗೊತ್ತಾಗದಿದ್ದರೆ ಕೆಲಸ ಸರಿಯಾಗಿದೆ.

ಎಷ್ಟೇ ಗಟ್ಟಿ ಹೋಲ್ಡರ್ ಇದ್ದರೂ ರಾಡಿಗೆ ಒಂದು ಹಗ್ಗ ಇರಲಿ. ರೀಲಿನ ಕಾಲಿನ ಹತ್ತಿರ ಕಟ್ಟಿ, ಇನ್ನೊಂದು ತುದಿಯನ್ನು ಸೀಟಿಗೆ ಕೊಕ್ಕೆ ಹಾಕಿ. ಮೀನು ಹೊಡೆದಾಗ ಇಂಜಿನ್ ಒಮ್ಮೆಲೇ ನಿಲ್ಲಿಸಬೇಡಿ, ಲೈನ್ ಸಡಿಲ ಬಿದ್ದರೆ ಗಾಳ ಕಳಚುತ್ತದೆ. ವೇಗ ಇಳಿಸಿ, ಹಗ್ಗ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಳವೆಯ ದಿಕ್ಕಿಗೇ ಎತ್ತಿ. ಅಡ್ಡಕ್ಕೆ ಜಗ್ಗಿದರೆ ಬರುವುದಿಲ್ಲ. ಅಂಜಲ್‌ನ ಹಲ್ಲಿಗೆ ನೈಲಾನ್ ಲೆಕ್ಕಕ್ಕಿಲ್ಲ, ಲೂರ್ ಮುಂದೆ ಸ್ಟೀಲ್ ವೈರ್ ಮರೆಯಬೇಡಿ. ಸೇಂಟ್ ಮೇರೀಸ್ ದ್ವೀಪದ ಸುತ್ತ ಹೋಗುವುದಾದರೆ ಪ್ರವಾಸಿ ಬೋಟ್‌ಗಳ ದಾರಿ ಬಿಟ್ಟು, ಬಲೆಯ ಬೋಯಾ ಕಂಡಲ್ಲಿ ದೂರದಿಂದಲೇ ಸುತ್ತಿ ಹೋಗಿ. ಬೇರೆಯವರ ಬಲೆಗೆ ನಿಮ್ಮ ಲೂರ್ ಸಿಕ್ಕಿಕೊಂಡರೆ ಆ ಜಗಳಕ್ಕೆ ಯಾವ ಹೋಲ್ಡರೂ ನಿಲ್ಲದು. ವಾಪಸ್ ಬಂದ ಮೇಲೆ ಹೋಲ್ಡರ್ ಒಳಗೆ, ಪಟ್ಟಿಯ ಸುತ್ತ ಬಾವಿ ನೀರು ಹಾಕಿ ತೊಳೆಯಿರಿ.

ಕೊನೆಗೆ ನಿಮ್ಮ ಗೆಳೆಯರ ಪಿವಿಸಿ ಪೈಪ್. ಅವರ ಮಾತು ಪೂರ್ತಿ ತಪ್ಪಲ್ಲ. ಒಂದೂವರೆ ಇಂಚಿನ ಪೈಪಿನೊಳಗೆ ಹೆಚ್ಚಿನ ರಾಡಿನ ಬುಡ ಸರಿಯಾಗಿ ಕೂರುತ್ತದೆ. ಆದರೆ ಮನೆಯ ನೀರಿನ ಪೈಪ್ ಬಿಸಿಲಿಗೆ ಬಿದ್ದು ಬಿದ್ದು ಪೆಡಸಾಗುತ್ತದೆ. ಅಂಥ ಪೈಪ್ ಬಗ್ಗುವುದಿಲ್ಲ, ಟಪ್ ಅಂತ ಒಡೆಯುತ್ತದೆ. ಅದಕ್ಕೆ ಓಡುವಾಗ ಎಳೆಯಲು ಬೇಡ. ರಾಡ್ ನಿಲ್ಲಿಸಿಡಲು ಮಾತ್ರ ಬಳಸಿ. ಮುಂದಿನ ಸೀಟಿನ ಹಿಂಬದಿಗೆ ಮೂರು ನಾಲ್ಕು ತುಂಡು ನೆಟ್ಟಗೆ ಕಟ್ಟಿ, ಬಾಯಿಯ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ. ನಿಮ್ಮಲ್ಲಿ ಹೊಳೆಯಿಂದ ಸಮುದ್ರಕ್ಕೆ ಇಳಿಯುವ ಅಳಿವೆಯಲ್ಲಿ ಅಲೆ ಒಡೆಯುತ್ತಿರುತ್ತದೆ. ಅಲ್ಲಿ ದಾಟುವಾಗ ಹಿಂದಿನ ಹೋಲ್ಡರ್‌ಗಳಲ್ಲಿ ರಾಡ್ ಇರಲೇಬಾರದು, ಎಲ್ಲ ತೆಗೆದು ಈ ಪೈಪುಗಳಿಗೆ ಹಾಕಿ. ಹೋಗುವಾಗಲೂ, ಬರುವಾಗಲೂ.